ಅವ್ವನ ಗುಳಿಗೆ, ನನ್ನ ವರ

ಅವ್ವನ ಗುಳಿಗೆಯ ಬಾಟಲಿಯನ್ನು ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ನನ್ನ ಕಣ್ಣೆದುರಿಗೇ ಅಕ್ಕಿ ಡಬ್ಬಿಯೊಳಗೆ ಹೂತಿಟ್ಟಳು. ಇಷ್ಟು ವರ್ಷವಾದರೂ ಅದನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

ಅರವತ್ತರ ದಶಕದ ಮಾತು. ಹಳಿಯಾಳದಲ್ಲಿ ನಮ್ಮದು ಕಿರಾಣಿ ಅಂಗಡಿ. ಅವ್ವನಿಗೆ ಮುಖದ ಬಲಗಡೆ ಏಕಾಏಕಿ ನೋವು ಹೊಡೆಯುತ್ತಿತ್ತು. ಗಾಳಿ ಸೋಕಿದರೆ ಸಾಕು, ಮಾತಾಡಲು ಬಾಯಿ ತೆರೆದರೆ ಸಾಕು, ಗೋಡೆ ಹಿಡಿದು ನಿಂತುಬಿಡುತ್ತಿದ್ದಳು. ಹುಳುಕು ಹಲ್ಲೆಂದು ಊರಲ್ಲಿ ಒಂದನ್ನು ಕಿತ್ತರು. ಕಾಗದದ ಮಿಲ್ಲು ಬಂದ ಮೇಲೆ ದಾಂಡೇಲಿಗೆ ಹಲ್ಲಿನ ಡಾಕ್ಟರೂ ಬಂದಿದ್ದ, ಅವನೊಂದು ಕಿತ್ತ. ಗಟ್ಟಿ ಹಲ್ಲು ಹೋದವು, ನೋವು ಹೋಗಲಿಲ್ಲ. ಹಣೆಗೆ ವಿಭೂತಿ ಹಚ್ಚಿಕೊಳ್ಳುವಾಗ ಬೆರಳು ತಾಕಿದರೂ ಚೀರುತ್ತಿದ್ದಳು. ಕೊನೆಗೆ ವಿಭೂತಿಯನ್ನೇ ಬಿಟ್ಟಳು.

"ಬರೇ ಹಣಿಲೆ ಅಡಗಿ ಮಾಡ್ತಾಳ ನೋಡ್ರಿ," ಎಂದು ಅಜ್ಜಿ ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದಳು. ನೋವು ಹೇಗಿದೆ ಎಂದು ಒಮ್ಮೆಯೂ ಕೇಳಲಿಲ್ಲ.

ಕಡೆಗೂ ಅಪ್ಪನಿಗೆ ಬುದ್ಧಿ ಬಂದು ಧಾರವಾಡಕ್ಕೆ ಕರೆದೊಯ್ದ. ಇದು ಹಲ್ಲಿನದಲ್ಲ, ನರದ ನೋವು ಎಂದ ಅಲ್ಲಿನ ಡಾಕ್ಟರು ಗುಳಿಗೆ ಬರೆದುಕೊಟ್ಟರು. ಮೂರ್ಛೆರೋಗಕ್ಕೆ ಕೊಡುವ ಗುಳಿಗೆಯೇ ಈ ನೋವಿಗೂ ನಾಟುತ್ತದೆ, ತಪ್ಪಿಸಬೇಡಿ ಎಂದರು. ಸ್ವಲ್ಪ ದಿನದಲ್ಲೇ ಅವ್ವ ರೊಟ್ಟಿ ಮುರಿದು ತಿಂದಳು. ನಾನು ಕಣ್ತುಂಬ ನೋಡಿದೆ.

ಅಷ್ಟರಲ್ಲಿ ಮುಂಡಗೋಡದಿಂದ ನನ್ನನ್ನು ನೋಡಲು ಬರುತ್ತೇವೆಂದು ಗಂಡಿನವರು ಹೇಳಿಕಳಿಸಿದರು.

"ಮೂರ್ಛಿರೋಗದ ಗುಳಿಗಿ ಮನ್ಯಾಗ ಐತಿ ಅಂತ ಗೊತ್ತಾದ್ರ ಈ ಹುಡುಗೀನ್ನ ಯಾರ ಮಾಡ್ಕೋತಾರ? ತಾಯಿದು ಮಗಳಿಗೂ ಬರ್ತೈತಿ ಅಂತಾರ," ಎಂದಳು ಅಜ್ಜಿ. ಅಪ್ಪ ಎದ್ದು ಅಂಗಡಿಗೆ ಹೋದ. ಬಾಟಲಿ ಅಕ್ಕಿಯೊಳಗೆ ಹೋಯಿತು. ಗಂಡಿನವರು ಬಂದು ಹೋಗುವ ತನಕ ಗುಳಿಗೆ ಬಿಡಲು ಅವ್ವನೂ ಒಪ್ಪಿಕೊಂಡಳು, ನನ್ನ ಸಲುವಾಗಿ! ಆ ಒಪ್ಪಿಗೆಯ ಮೇಲೂ ನನಗೆ ಸಿಟ್ಟಿದೆ.

ಗಂಡಿನವರು ಬಂದ ದಿನ ಅವ್ವ ಅಡುಗೆಮನೆಯ ಬಾಗಿಲು ಹಿಡಿದು ನಿಂತಿದ್ದಳು. ಹುಡುಗನ ತಾಯಿ ಅತ್ತ ನೋಡಿ, "ಯಾಕ್ರಿ, ಒಂದ ಮಾತೂ ಆಡವಲ್ರಿ? ನಾವು ಮನಸ್ಸಿಗಿ ಬರಲಿಲ್ಲೇನು?" ಎಂದಳು. ಉತ್ತರ ಕೊಡಲು ಅವ್ವ ಬಾಯಿ ತೆರೆದಳು, ಅಷ್ಟೇ, ಹೊಸ್ತಿಲಲ್ಲೇ ಕುಸಿದಳು.

ನಾನು ಚಾಪೆಯಿಂದ ಎದ್ದೆ. ಅಕ್ಕಿ ಡಬ್ಬಿಗೆ ಕೈ ಹಾಕಿ ಬಾಟಲಿ ತೆಗೆದು, ಎಲ್ಲರೆದುರಿಗೆ ಅವ್ವನಿಗೆ ಗುಳಿಗೆ ನುಂಗಿಸಿದೆ.

"ಯಾತರ ಗುಳಿಗಿ ಅದು?" ಎಂದಳು ಹುಡುಗನ ತಾಯಿ.

"ಮಾರಿ ನರದ ನೋವಿಂದ್ರಿ. ಮೂರ್ಛಿರೋಗಕ್ಕೂ ಇದನ್ನ ಕೊಡ್ತಾರ್ರಿ," ಎಂದೆ, ಅವ್ವನ ಬಲಗೆನ್ನೆ ತೋರಿಸಿ.

ಅವಲಕ್ಕಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಅಪ್ಪ ಅವರ ಹಿಂದೆ ಬಸ್ ಸ್ಟ್ಯಾಂಡಿನ ತನಕ ಓಡಿದ. ಅಜ್ಜಿ ನನಗೆ ಹಾಕಿದ ಶಾಪಗಳನ್ನು ಬರೆಯಲಾರೆ.

ಗುಳಿಗೆ ಮತ್ತೆ ಶುರುವಾಯಿತು. ಒಂದು ಬೆಳಿಗ್ಗೆ ಅವ್ವ ಮುಖ ತೊಳೆದು, ಮೂರು ಬೆರಳಲ್ಲಿ ಹಣೆಯ ತುಂಬ ವಿಭೂತಿ ಎಳೆದುಕೊಂಡು ನನ್ನೆದುರು ಬಂದು ನಿಂತಳು.

"ಬಂದ ಸಂಬಂಧ ಹಾಳ ಮಾಡಿದೆಲ್ಲ! ನಾ ತಡ್ಕೋತಿದ್ದೆ. ನಿನಗೇನ ಧಾಡಿ ಆಗಿತ್ತು?"

ಬಾಯಿ ತುಂಬ ಬೈದಳು. ನಡುವೆ ಒಮ್ಮೆಯೂ ನಿಲ್ಲಲಿಲ್ಲ, ಗೋಡೆ ಹಿಡಿಯಲಿಲ್ಲ. ನಾನು ಎದುರಾಡದೆ ಪೂರ್ತಿ ಬೈಸಿಕೊಂಡೆ.