ಢಾಲಿನ ಗುಂಡಿ

ನಿನ್ನೆ ಮಧ್ಯಾಹ್ನ ತಿಕೋಟಾದ ಬಸ್ಸು ಹಿಡಿಯಬೇಕೆಂದು ಚೀಲ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದೆ. ವಿಜಯಪುರದ ಈ ಮನೆ ನನ್ನ ಅಕ್ಕನದು. ಅಕ್ಕ ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ನೆಂಟರೆಲ್ಲ ತಮ್ಮ ತಮ್ಮ ಊರಿಗೆ ಹೋಗಿದ್ದರು. ಅಕ್ಕನ ಮಗಳು ಸುನಂದಾ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕರೆದರೆ ‘ಹ್ಞೂಂ’ ಎನ್ನುತ್ತಾಳೆ, ಏಳುವುದಿಲ್ಲ. ಅವಳನ್ನು ಹಾಗೆ ನೋಡುತ್ತ ಕೂಡುವುದು ನನ್ನಿಂದ ಆಗುತ್ತಿರಲಿಲ್ಲ. ಊರಲ್ಲಿ ಕೆಲಸವಿದೆ ಎಂದು ಎಲ್ಲರಿಗೂ ಹೇಳಿದ್ದೆ. ಓಡಿಹೋಗುವವರಿಗೆ ಊರಲ್ಲಿ ಯಾವಾಗಲೂ ಕೆಲಸ ಇರುತ್ತದೆ, ನಿಮಗೂ ಗೊತ್ತಿರಬಹುದು.

ಚಪ್ಪಲಿ ಹುಡುಕುವಾಗ ಅಂಗಾಲಿಗೆ ಏನೋ ಚುಚ್ಚಿತು. ಎತ್ತಿ ನೋಡಿದರೆ ನೆಲ್ಲಿಕಾಯಿಯಷ್ಟು ದೊಡ್ಡ ನೀಲಿ ದಾಳ. ಮೈತುಂಬ ಮುಖಗಳು, ಪ್ರತಿ ಮುಖಕ್ಕೂ ಒಂದು ಅಂಕಿ.

“ಸಣ್ಣಜ್ಜೀ, ಅದು ನಮ್ಮದು, ಕೊಡ್ರಿ!” ಪಡಸಾಲೆಯಲ್ಲಿ ಕೂತಿದ್ದ ಸುನಂದಾಳ ಮಗ ಪ್ರಣವ ಕೈ ಚಾಚಿದ. ಅವನೂ ಅವನ ಅಕ್ಕ ಅನುವೂ ನೆಲದ ಮೇಲೆ ನಕ್ಷೆ ಹರಡಿಕೊಂಡಿದ್ದರು. ಅದರ ಮೇಲೆ ಬೆರಳುದ್ದದ ಗೊಂಬೆಗಳು. ಆಟದಲ್ಲಿ ಒಬ್ಬೊಬ್ಬರು ಒಂದೊಂದು ವೇಷವಂತೆ. ಒಬ್ಬ ಕತ್ತಿ ಹಿಡಿದವನು, ಒಬ್ಬಳು ಮಂತ್ರಗಾತಿ, ಒಬ್ಬ ಗಾಯ ಮಾಯಿಸುವವನು. ಎಲ್ಲರೂ ಕೂಡಿ ಗುಹೆಯೊಳಗೆ ಇಳಿಯಬೇಕು, ಒಳಗಿನ ರಾಕ್ಷಸನನ್ನು ಗೆಲ್ಲಬೇಕು.

“ಒಬ್ಬರು ಕಡಿಮಿ ಬಿದ್ದಾರ. ನೀವು ಬರ್ರಿ. ಯಾರ ಆಗ್ತೀರಿ?” ಎಂದ ಪ್ರಣವ.

“ಸಣ್ಣಜ್ಜಿಗೆ ಇದೆಲ್ಲ ಎಲ್ಲಿ ತಿಳೀತದ ಲೇ,” ಎಂದಳು ಅನು.

ಅಕ್ಕ ಹೋದ ಮೇಲೆ ನನಗೆ ಮೊದಲ ಸಲ ನಗು ಬಂತು. ತಿಕೋಟಾದ ನಮ್ಮ ಮನೆಯ ನೆಲದ ಮೇಲೆ ಈ ಆಟವನ್ನು ನಾವು ಆಡಿ ಐವತ್ತು ವರ್ಷ ಆಗುತ್ತ ಬಂತು. ಇವರಲ್ಲಿ ಗೊಂಬೆಗಳಿವೆ, ನಮ್ಮಲ್ಲಿ ಗುಂಡಿಗಳಿದ್ದವು. ಅಷ್ಟೇ ವ್ಯತ್ಯಾಸ.

ನಮ್ಮಪ್ಪ ದರ್ಜಿ. ಪಡಸಾಲೆಯಲ್ಲಿ ಹೊಲಿಗೆ ಯಂತ್ರ, ಅದರ ಪಕ್ಕ ಗುಂಡಿಗಳು ತುಂಬಿದ ತಗಡಿನ ಡಬ್ಬಿ. ಅಪ್ಪ ಅರಿವೆ ತರಲು ಬಿಜಾಪುರಕ್ಕೆ ಹೋದ ದಿನ ಯಂತ್ರ ಸುಮ್ಮನಾಗುತ್ತಿತ್ತು, ನಾವು ಸುಮ್ಮನಾಗುತ್ತಿರಲಿಲ್ಲ. ಬೇಸಿಗೆಯಲ್ಲಿ ಹೊರಗೆ ಕಾಲಿಡುವಂತಿಲ್ಲ, ನೆಲ ಹೆಂಚಿನ ಹಾಗೆ ಕಾದಿರುತ್ತಿತ್ತು. ಒಳಗೆ ಪರಸಿ ಹಾಸುಗಲ್ಲಿನ ನೆಲ ತಣ್ಣಗಿರುತ್ತಿತ್ತು. ಅಪ್ಪ ಅರಿವೆಯ ಮೇಲೆ ಗುರುತು ಹಾಕುವ ಸೀಮೆಸುಣ್ಣದಿಂದ ಆ ಪರಸಿಯ ಮೇಲೆ ನಾವು ಕೋಟೆ ಬರೆಯುತ್ತಿದ್ದೆವು.

ಕೋಟೆ ಹಸೀನಾಳದು. ಹಸೀನಾ ಪಕ್ಕದ ಮನೆಯ ಬಳೆಗಾರರ ಮಗಳು, ಅಕ್ಕನ ಗೆಳತಿ. ಮಮದಾಪುರದ ಕೆರೆಯ ತಳದಲ್ಲಿ ಒಂದು ಕೋಟೆ ಇದೆ, ಅದಕ್ಕೆ ಬಾಗಿಲ ಒಳಗೆ ಬಾಗಿಲು, ಕೊನೆಯ ಬಾಗಿಲ ಹಿಂದೆ ಕಬ್ಬಿಣದ ಎಮ್ಮೆ ಮಲಗಿದೆ ಎಂದು ಅವಳು ಎಷ್ಟು ನಂಬಿಕೆಯಿಂದ ಹೇಳುತ್ತಿದ್ದಳೆಂದರೆ, ಮಮದಾಪುರದಿಂದ ಯಾರಾದರೂ ಅಂಗಿ ಹೊಲಿಸಲು ಬಂದರೆ ನಾನು ಅವರ ಕಾಲಿಗೆ ಕೆಸರು ಮೆತ್ತಿದೆಯೇ ಎಂದು ನೋಡುತ್ತಿದ್ದೆ. ಯಾವ ಬಾಗಿಲ ಹಿಂದೆ ಏನಿದೆ ಎಂಬುದು ಅವಳೊಬ್ಬಳಿಗೇ ಗೊತ್ತು. ಉಳಿದವರು ಕೇಳಬೇಕು, ಹೋಗಬೇಕು, ಹೊಡೆದಾಡಬೇಕು.

ಹೊಡೆದಾಟಕ್ಕೆ ಒಬ್ಬೊಬ್ಬರಿಗೆ ಒಂದೇ ಕೆಲಸ. ಹೊಳೆಯುವ ಹಿತ್ತಾಳೆಯ ಗುಂಡಿ ಕತ್ತಿ. ಬಿಳಿ ಅಂಗಿಯ ಗುಂಡಿ ಔಷಧ. ಕೋಟಿಗೆ ಹಚ್ಚುವ ದೊಡ್ಡ ಕರಿ ಗುಂಡಿ ಢಾಲು, ಅಂದರೆ ಗುರಾಣಿ. ಕತ್ತಿ ಯಾವಾಗಲೂ ನನ್ನದು. ನಾನು ಎಲ್ಲರಿಗಿಂತ ಗಿಡ್ಡ, ದನಿಯೂ ಸಣ್ಣದು. ಅಂಥವರಿಗೇ ಕತ್ತಿಯ ಆಸೆ ಹೆಚ್ಚು. ಎಮ್ಮೆಯನ್ನು ಹೊಡೆಯುವ ಹಕ್ಕು ಕತ್ತಿಗೆ ಮಾತ್ರ. ಢಾಲು ಹೊಡೆಯುವಂತಿಲ್ಲ, ಬರೀ ಮುಂದೆ ನಿಲ್ಲಬೇಕು. ಆ ಕೆಲಸ ಯಾರಿಗೂ ಬೇಡವಾಗಿತ್ತು. ಅದಕ್ಕೇ ಅದು ಅಕ್ಕನಿಗೆ ಹೋಯಿತು. ಬೇಡವಾದದ್ದೆಲ್ಲ ದೊಡ್ಡ ಮಗಳಿಗೇ ಹೋಗುತ್ತದೆ.

ಜೀವ ಎಂದರೆ ಪುಟಾಣಿ, ಹುರಿಗಡಲೆ. ಎಲ್ಲರ ಮುಂದೆ ಒಂದೊಂದು ಹಿಡಿ ಪುಟಾಣಿ ಇಟ್ಟುಕೊಳ್ಳಬೇಕು. ಹಸೀನಾ ಕವಡೆ ಎಸೆಯುತ್ತಾಳೆ. ಎಷ್ಟು ಕವಡೆ ಬಾಯಿ ತೆರೆದು ಬೀಳುತ್ತವೋ ಅಷ್ಟು ಪುಟಾಣಿ ಎಮ್ಮೆಗೆ ಕೊಡಬೇಕು, ಅಂದರೆ ಹಸೀನಾಳ ಬಾಯಿಗೆ. ಔಷಧದವನ ಹಿಡಿ ಎಲ್ಲರಿಗಿಂತ ದೊಡ್ಡದು, ಏಕೆಂದರೆ ಅವನು ತನ್ನ ಹಿಡಿಯಿಂದಲೇ ಗಾಯಗೊಂಡವರಿಗೆ ಕೊಡಬೇಕು. ಈ ಔಷಧದ ಕೆಲಸವನ್ನು ನಾವು ಕೊಟ್ಟಿದ್ದು ಬಸ್ಯಾನಿಗೆ. ಬಸ್ಯಾ ನಮ್ಮ ಸೋದರಮಾವನ ಮಗ. ಘೋಣಸಗಿಯಿಂದ ಬಂದು ನಮ್ಮ ಮನೆಯಲ್ಲಿದ್ದು ಸಾಲಿಗೆ ಹೋಗುತ್ತಿದ್ದ, ಸದಾ ಹಸಿದಿರುತ್ತಿದ್ದ. ಕೊನೆಯ ಬಾಗಿಲು ತೆರೆದು, ಎಮ್ಮೆ ಎದ್ದು, ನನ್ನ ಮುಂದೆ ಒಂದೇ ಪುಟಾಣಿ ಉಳಿದು, “ಬಸ್ಯಾ, ಔಷಧ!” ಎಂದು ನಾನು ಕೂಗಿದರೆ ಅವನು ಖಾಲಿ ಅಂಗೈ ತೋರಿಸುತ್ತಿದ್ದ.

“ಎಲ್ಲಿ ಹೋತೋ ಮೂಳಾ?”

“ತಿಂದ್ನಿ.”

“ನಿನ್ನ ಜೀವಾನ ತಿಂದ್ಯಾ?”

“ಹೊಟ್ಟ್ಯಾಗ ಐತೆಲ್ಲಾ. ಎಲ್ಲಿ ಹೋಗ್ತೈತಿ?”

ಹಸೀನಾ ಬಹಳ ಯೋಚಿಸಿ, ಹೊಟ್ಟೆಗೆ ಹೋದ ಜೀವ ಲೆಕ್ಕಕ್ಕೆ ಬರುವುದಿಲ್ಲ ಎಂದು ತೀರ್ಪು ಕೊಟ್ಟಳು. ಆದರೂ ಅವನನ್ನು ಆ ಕೆಲಸದಿಂದ ಯಾರೂ ತೆಗೆಯಲಿಲ್ಲ. ಅಕ್ಕ ಮಾತ್ರ ತನ್ನ ಪುಟಾಣಿಗಳನ್ನು ಸೆರಗಿನ ಚುಂಗಿಗೆ ಗಂಟು ಹಾಕಿಕೊಂಡು ಕೂಡತೊಡಗಿದಳು.

ಢಾಲಿಗೆ ಒಂದು ಕಟ್ಟಳೆ ಇತ್ತು. ಅದನ್ನು ಹೇಳುವುದಕ್ಕೇ ಇಷ್ಟು ಸುತ್ತಿ ಬಂದೆ. ಎಮ್ಮೆ ನನ್ನ ಮೇಲೆ ಬಂದಾಗ ಅಕ್ಕ ಅಡ್ಡ ನಿಲ್ಲಬಹುದು. ನಿಂತರೆ ನನ್ನ ಪೆಟ್ಟು ಅವಳಿಗೆ. ಆದರೆ ಕವಡೆ ಬೀಳುವ ಮೊದಲು “ನಾ ಅದೀನಿ” ಎನ್ನಬೇಕು. ಬಿದ್ದ ಮೇಲೆ ಅಂದರೆ ನಡೆಯುವುದಿಲ್ಲ. ಪೆಟ್ಟು ಎಷ್ಟು ದೊಡ್ಡದೆಂದು ನೋಡಿ ಆಮೇಲೆ ನಿಲ್ಲುವುದಾದರೆ ಅದು ಢಾಲಲ್ಲ, ವ್ಯಾಪಾರ ಎಂದು ಹಸೀನಾ ಹೇಳುತ್ತಿದ್ದಳು. ಬಳೆಗಾರರ ಮಗಳು, ವ್ಯಾಪಾರ ಅವಳಿಗೆ ಗೊತ್ತಿತ್ತು. ಹಸೀನಾ ಮುಷ್ಟಿಯಲ್ಲಿ ಕವಡೆ ಕುಲುಕುತ್ತಿರುವಾಗಲೇ ಅಕ್ಕ, ತಲೆ ಎತ್ತದೆ, ಎಲೆ ಅಡಿಕೆ ಬೇಕೇ ಎಂದರೆ ಹ್ಞೂಂ ಎನ್ನುವ ಹಾಗೆ, “ನಾ ಅದೀನಿ” ಎನ್ನುತ್ತಿದ್ದಳು. ಅವಳ ಕೈ ಆಗಲೂ ಕಾಜಾ ಮಾಡುತ್ತಿರುತ್ತಿತ್ತು.

ಕಾಜಾ ಎಂದರೆ ಗುಂಡಿ ತೂರಿಸುವ ತೂತು, ಅದರ ಸುತ್ತ ಕೈಯಿಂದ ಹಾಕುವ ಹೊಲಿಗೆ. ಅಪ್ಪನ ಕಣ್ಣು ಸಣ್ಣ ಕೆಲಸಕ್ಕೆ ಮಂಜಾಗಿತ್ತು. ಹೊಲಿಗೆಗೆ ಬಂದ ಅಂಗಿಗಳ ಕಾಜಾ ಎಲ್ಲ ಅಕ್ಕನ ಕೈಯಲ್ಲೇ ಆಗುತ್ತಿತ್ತು. ಹೊನವಾಡದಿಂದ ಮದುವೆಯ ಅರಿವೆ ತರುವವರು ಕಾಜಾ ನೋಡಿಯೇ ನಮ್ಮಲ್ಲಿಗೆ ಬರುತ್ತಿದ್ದರು. ಇದು ಅಪ್ಪನಿಗೂ ಗೊತ್ತಿತ್ತು, ಹೇಳುತ್ತಿರಲಿಲ್ಲ.

ಅಕ್ಕ ಎಸ್ಸೆಸ್ಸೆಲ್ಸಿ ಪಾಸಾದಳು. ಬಿಜಾಪುರದಲ್ಲಿ ಮಾಸ್ತರಿಕೆಯ ತರಬೇತಿಗೆ ಅವಳಿಗೆ ಜಾಗ ಸಿಕ್ಕಿತು, ಹೆಣ್ಣುಮಕ್ಕಳಿಗೆ ಇರಲು ವಸತಿಯೂ ಇತ್ತು. ಅಕ್ಕನಿಗೆ ಬೇಕಾಗಿದ್ದದ್ದು ಅದೊಂದೇ. ಸಾಲಿಯಲ್ಲಿ ಮಕ್ಕಳ ಮುಂದೆ ನಿಲ್ಲಬೇಕು ಎನ್ನುತ್ತಿದ್ದಳು. ಹೋಗುವ ದಿನ ಹತ್ತಿರ ಬಂತು. ಅಪ್ಪ ಯಂತ್ರದ ಕಾಲುಪಟ್ಟಿಯನ್ನು ಇನ್ನೂ ಜೋರಾಗಿ ತುಳಿಯತೊಡಗಿದ.

ಒಂದು ಮುಂಜಾನೆ ಅವ್ವನೇ ಮಾತು ತೆಗೆದಳು. “ಹುಡುಗಿ ಕೇಳಾಕತ್ತಾಳ್ರಿ. ಹ್ಞೂಂ ಅನ್ರಿ, ಇಲ್ಲಾ ಉಹ್ಞೂಂ ಅನ್ರಿ.”

ಅಪ್ಪ ಯಂತ್ರ ನಿಲ್ಲಿಸಿದ. ಸಿಟ್ಟಿರಲಿಲ್ಲ, ಅದೇ ಕಷ್ಟ. ಸಿಟ್ಟಾಗಿದ್ದರೆ ಅತ್ತು ಗೆಲ್ಲಬಹುದಿತ್ತು. “ಕಲೀಲಿ ಅಂತ ನನಗೂ ಅನಸ್ತೈತಿ. ಖರೆ ಮದುವಿ ಹಂಗಾಮ ಬಂತು. ಇಕಿ ಹೋದ್ರ ಕಾಜಾ ಯಾರು ಮಾಡವ್ರು? ಆಳ ಇಡೂವಷ್ಟ ಶಕ್ತಿ ನನ್ನಲ್ಲಿ ಎಲ್ಲೈತಿ?”

ಅಕ್ಕ ಕಂಬ ಹಿಡಿದು ನಿಂತಿದ್ದಳು. ಎಲ್ಲರಿಗೂ ಅಡ್ಡ ನಿಲ್ಲುವವಳು ತನಗೆ ತಾನು ಅಡ್ಡ ನಿಲ್ಲುವುದು ಹೇಗೆ? ಆಟದಲ್ಲೂ ಅದಕ್ಕೆ ಕಟ್ಟಳೆ ಇರಲಿಲ್ಲ. ಅವಳ ಕೈ ಸೆರಗಿನ ಚುಂಗನ್ನು ಹಿಂಡುತ್ತಿತ್ತು. ಅಲ್ಲಿ ಆಗ ಒಂದು ಪುಟಾಣಿಯೂ ಇರಲಿಲ್ಲ.

“ನಾ ಅದೀನಿ,” ಎಂದೆ.

ಎಲ್ಲರೂ ನನ್ನತ್ತ ತಿರುಗಿದರು. ನಾನೂ ಆ ದನಿ ಯಾರದೆಂದು ಆಚೀಚೆ ನೋಡಿದೆನೆಂದು ಕಾಣುತ್ತದೆ.

“ನಿನ್ನ ಕಾಜಾ?” ಅಪ್ಪನಿಗೆ ನಗು ಬಂತು. “ಕೋಳಿ ತಿಪ್ಪಿ ಕೆದರಿದಂಗ ಇರ್ತಾವು ನಿನ್ನ ಕಾಜಾ.”

“ಕಲೀತೀನಿ.”

“ಸಾಲಿ?”

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಯೋಚಿಸಿದ್ದರೆ ಬಹುಶಃ ಬಾಯಿ ತೆರೆಯುತ್ತಿರಲಿಲ್ಲ. ಕವಡೆ ಬೀಳುವ ಮೊದಲೇ ಹೇಳಬೇಕು ಎಂಬ ಕಟ್ಟಳೆಯ ಬುದ್ಧಿವಂತಿಕೆ ನನಗೆ ಆವತ್ತು ತಿಳಿಯಿತು. “ಸಾಲಿ ಬಿಡ್ತೀನಿ. ಅಕ್ಕ ಬರೂತನಕ,” ಎಂದೆ.

ಅಪ್ಪ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟ. ಆಮೇಲೆ ಎದ್ದು ಒಂದು ಹರಿದ ಅರಿವೆಯ ತುಂಡು, ಸೂಜಿ, ದಾರ ತಂದು ನನ್ನ ತೊಡೆಯ ಮೇಲೆ ಹಾಕಿದ. ಅದೇ ಅವನ ಹ್ಞೂಂ.

ಅಕ್ಕ ಖುಷಿಪಟ್ಟಳು ಎಂದುಕೊಂಡಿರಾ? ಹಿತ್ತಲಿಗೆ ಎಳೆದುಕೊಂಡು ಹೋಗಿ ರಟ್ಟೆ ಹಿಂಡಿದಳು. “ಯಾರ ಕೇಳಿದ್ರಬೇ ನಿನ್ನ? ಢಾಲು ನಂದು!”

“ಇವತ್ತ ನಂದು.”

“ಕತ್ತಿ ಯಾರು ಹಿಡಿಯವ್ರು ಮತ್ತ?”

“ನೀ ಹಿಡಿ.” ಡಬ್ಬಿಯಿಂದ ಆರಿಸಿ ತಂದಿದ್ದ ಹಿತ್ತಾಳೆಯ ಗುಂಡಿಯನ್ನು ಅವಳ ಕೈಗಿಟ್ಟೆ. “ನಾ ಮುಂದ ನಿಂತ ಮ್ಯಾಲೆ ನೀ ಹೊಡೀಲಿಲ್ಲಂದ್ರ ನನ್ನ ಪುಟಾಣಿ ಸುಮ್ನ ಹೋಗ್ತಾವು, ನೋಡು.”

ಅವಳು ಆಗ ಅತ್ತಳು. ನಾನು ಅಳಲಿಲ್ಲ. ಕರಿ ಗುಂಡಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದೆ, ಅದರ ನಾಲ್ಕು ತೂತುಗಳ ಗುರುತು ಅಂಗೈಯಲ್ಲಿ ಮೂಡಿತ್ತು.

ಬಸ್ಸಿಗೆ ಕಳಿಸಲು ನಾವೆಲ್ಲ ಹೋದೆವು. ಬಸ್ಯಾ ಒಂದು ಪೊಟ್ಟಣ ಪುಟಾಣಿ ತಂದಿದ್ದ. “ಇಡೀ ಔಷಧ ನಿನಗ ಬೇ ಅಕ್ಕಾ,” ಎಂದ. ಬಸ್ಸು ತಡವಾಯಿತು. ಅದು ಬರುವ ಹೊತ್ತಿಗೆ ಪೊಟ್ಟಣ ಅರ್ಧವಾಗಿತ್ತು. ಹಸೀನಾ ಅಕ್ಕನ ಕೈಗೆ ಹಸಿರು ಬಳೆ ಏರಿಸುತ್ತ ಕಿವಿಯಲ್ಲಿ ಏನೋ ಹೇಳಿದಳು. ಏನೆಂದು ಇಬ್ಬರೂ ನನಗೆ ಕೊನೆವರೆಗೂ ಹೇಳಲಿಲ್ಲ.

ನನ್ನ ಮೊದಲ ಕಾಜಾಗಳು ಕೋಳಿ ಕೆದರಿದ ಹಾಗೇ ಇದ್ದವು. ಅಪ್ಪ ಬಿಚ್ಚಿಸಿ ಮತ್ತೆ ಹಾಕಿಸಿದ. ಬೆರಳ ತುದಿ ತೂತು ಬಿದ್ದು ಉಪ್ಪು ಮುಟ್ಟಿದರೆ ಉರಿಯುತ್ತಿತ್ತು. ನನ್ನ ಗೆಳತಿಯರು ಪುಸ್ತಕ ಹಿಡಿದು ಮನೆ ಮುಂದೆ ಹಾದು ಹೋಗುವಾಗ ನಾನು ತಲೆ ಬಗ್ಗಿಸಿ ದಾರ ಪೋಣಿಸುತ್ತಿದ್ದೆ. ಬೇಸರ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಪೆಟ್ಟು ಬೀಳುವಾಗ ಢಾಲು ಸರಿಯುವಂತಿಲ್ಲ. ಮದುವೆಯ ಹಂಗಾಮ ಮುಗಿಯುವ ಹೊತ್ತಿಗೆ ಹೊನವಾಡದವರಿಗೆ ಯಾವುದು ಅಕ್ಕನ ಕಾಜಾ, ಯಾವುದು ನನ್ನದು ಎಂದು ತಿಳಿಯದಂತಾಗಿತ್ತು.

ಅಕ್ಕ ಬಬಲೇಶ್ವರದಲ್ಲಿ ಟೀಚರ್ ಆದಳು. ಸಂಬಳಕ್ಕೆ ಸೇರಿದ ಮೇಲೂ ರಜೆಗೆ ಊರಿಗೆ ಬಂದರೆ ಚೀಲದಿಂದ ಮೊದಲು ತೆಗೆಯುತ್ತಿದ್ದದ್ದು ಪುಸ್ತಕ. ನಾನು ಕಾಜಾ ಮಾಡುತ್ತ ಕೇಳಬೇಕು, ಅವಳು ಓದಬೇಕು. ಗಣಿತಕ್ಕೆ ಬಂದಾಗ ಸೂಜಿ ಕಸಿದುಕೊಳ್ಳುತ್ತಿದ್ದಳು. ಹಾಗೆ ನಾನು ಹೊರಗಿನಿಂದ ಪರೀಕ್ಷೆ ಕಟ್ಟಿ ಎಸ್ಸೆಸ್ಸೆಲ್ಸಿ ಪಾಸಾದೆ. ಈಗ ನಿಮ್ಮ ಮುಂದೆ ಇಷ್ಟು ಸಾಲು ಬರೆಯುತ್ತಿರುವುದು ಆ ಓದಿನಿಂದ. ಢಾಲು ಬಿಟ್ಟುಕೊಟ್ಟವಳು ಕತ್ತಿ ಹಿಡಿದು ಸುಮ್ಮನಾಗಲಿಲ್ಲ, ಬಸ್ಯಾನ ಕೆಲಸವನ್ನೂ ಮಾಡಿದಳು, ಅವನಿಗಿಂತ ಚೆನ್ನಾಗಿ.

ಮದುವೆ, ಮಕ್ಕಳು, ಮನೆ ಎಲ್ಲ ಆದ ಮೇಲೆ ಅವಳು ಮತ್ತೆ ಮುಂದೆ ನಿಂತಳು. ನನ್ನ ಯಜಮಾನರು ಹೋದಾಗ ಅವಳೇ. ಬಸ್ಯಾನ ಹೊಟ್ಟೆಯ ಆಪರೇಷನ್ನಿಗೆ ಅವಳೇ. “ತಿಂದಿದ್ದ ಜೀವ ಎಲ್ಲಾ ಹೊರಗ ತಗದ್ರೇನೋ?” ಎಂದು ಆಸ್ಪತ್ರೆಯಲ್ಲಿ ಅವನನ್ನು ನಗಿಸಿ ಹೊಲಿಗೆ ನೋಯಿಸಿದ್ದಳು. ಕೊನೆಯ ದಿನಗಳಲ್ಲಿ ಅವಳ ಹಾಸಿಗೆಯ ಪಕ್ಕ ನಾನಿದ್ದೆ. ಅಲ್ಲಿ ನಾನು ಎಷ್ಟು ಸಲ “ನಾ ಅದೀನಿ” ಎಂದೆನೋ. ಕೆಲವು ಪೆಟ್ಟುಗಳಿಗೆ ಅಡ್ಡ ನಿಲ್ಲಲು ಬರುವುದಿಲ್ಲ. ಇದನ್ನು ಹಸೀನಾಳ ಕೋಟೆ ನಮಗೆ ಕಲಿಸಿರಲಿಲ್ಲ.

ಇಷ್ಟೆಲ್ಲ ನೆನಪಾಗಿದ್ದು ನಾನು ನೀಲಿ ದಾಳ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ. ಹೊರಗೆ ಬಸ್‌ಸ್ಟ್ಯಾಂಡಿಗೆ ಹೋಗುವ ಆಟೋ ಹಾರ್ನ್ ಹೊಡೆಯಿತು. ಒಳಕೋಣೆಯಲ್ಲಿ ಸುನಂದಾ ಮಗ್ಗುಲು ಬದಲಿಸಿದ ಸದ್ದಾಯಿತು, ಮತ್ತೆ ಗೋಡೆಯ ಕಡೆಗೇ. ಅವಳ ಮುಂದೆ ಈಗ ಯಾರೂ ನಿಂತಿರಲಿಲ್ಲ.

ಹೊರಗೆ ಹೋಗಿ ಆಟೋದವನನ್ನು ಕಳಿಸಿದೆ. ಚೀಲ ಬಿಚ್ಚಿ ಸೀರೆಗಳನ್ನು ಗೂಟಕ್ಕೆ ಹಾಕಿದೆ. ಚೀಲದ ತಳದಲ್ಲಿ ನನ್ನ ಸೂಜಿ-ದಾರದ ಡಬ್ಬಿ ಇತ್ತು, ಅದರಲ್ಲಿ ಆವತ್ತಿನ ಕರಿ ಗುಂಡಿ. ಅಡುಗೆಮನೆಯಿಂದ ಒಂದು ಬಟ್ಟಲು ಪುಟಾಣಿ ತುಂಬಿಕೊಂಡು ಬಂದು ಮಕ್ಕಳ ನಡುವೆ ಕೂತು ಪ್ರಣವನ ಕೈಗೆ ದಾಳ ಕೊಟ್ಟೆ.

“ಯಾರ ಆಗ್ತೀರಿ?” ಪ್ರಣವ ಮತ್ತೆ ಕೇಳಿದ.

ಕರಿ ಗುಂಡಿಯನ್ನು ನಕ್ಷೆಯ ಮೇಲೆ, ಎಲ್ಲ ಗೊಂಬೆಗಳ ಮುಂದೆ ಇಟ್ಟೆ. “ಢಾಲು.”

“ಅಯ್ಯ ಸಣ್ಣಜ್ಜಿ, ಅದಕ್ಕ ಹೊಡ್ಯಾಕ ಬರೂದಿಲ್ರಿ. ಬರೇ ಹೊಡಸ್ಕೋಬೇಕು,” ಎಂದಳು ಅನು.

“ಗೊತ್ತೈತಿ. ಹೋಗು, ನಿಮ್ಮವ್ವನ್ನ ಕರ್ಕೊಂಡ ಬಾ. ಔಷಧಕ್ಕ ಒಬ್ಬರು ಬೇಕು ಅನ್ನು.”

“ಬರಂಗಿಲ್ರಿ ಆಕಿ.”

“ಆಕಿ ಚಿಗವ್ವ ಊರಿಗೆ ಹೋಗೂದಿಲ್ಲಂತ, ಇಲ್ಲೇ ಇರ್ತಾಳಂತ ಅನ್ನು.”

ಅನು ಒಳಗೆ ಹೋದಳು. ಪಿಸುಮಾತು ಕೇಳಿಸಿತು. ಬಹಳ ಹೊತ್ತಿನ ಮೇಲೆ ಮಂಚ ಕಿರ್ರೆಂದಿತು. ಸುನಂದಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕೂದಲು ಕೆದರಿತ್ತು. ಕೂಡುತ್ತಾಳೋ ತಿರುಗಿ ಹೋಗುತ್ತಾಳೋ ಅವಳಿಗೂ ಗೊತ್ತಿರಲಿಲ್ಲ. ಬಟ್ಟಲನ್ನು ಅವಳ ಕಡೆ ಸರಿಸಿದೆ.

ಪ್ರಣವ ಎರಡೂ ಕೈಯಲ್ಲಿ ದಾಳ ಕುಲುಕತೊಡಗಿದ. “ರಾಕ್ಷಸ ಬಂದ! ಅವ್ವನ ಮ್ಯಾಲೇನ ಬಂದ!”

ದಾಳ ಇನ್ನೂ ಅವನ ಕೈಯಲ್ಲೇ ಇತ್ತು.

“ನಾ ಅದೀನಿ,” ಎಂದೆ.