ನಾಲ್ಕು ಊರಿನ ನಗೆಚಿತ್ರದಲ್ಲಿ ನನ್ನ ಪಾಲು

ಚಿತ್ರದುರ್ಗದಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೊ ಇದೆ. ಮದುವೆ, ಸೀಮಂತ, ಗೃಹಪ್ರವೇಶಗಳ ವಿಡಿಯೊಗಳನ್ನು ಕ್ಯಾಮೆರಾದವರು ತಂದುಕೊಡುತ್ತಾರೆ. ನಾನು ಕತ್ತರಿಸಿ ಜೋಡಿಸುತ್ತೇನೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಐದು ಗಂಟೆಯ ಮದುವೆಯನ್ನು ಒಂದೂವರೆ ಗಂಟೆಗೆ ಇಳಿಸುವಾಗ ಯಾವ ಚಿಕ್ಕಪ್ಪನ ಮುಖ ಬಿಟ್ಟರೆ ಜಗಳವಾಗುತ್ತದೆ, ಯಾರ ಭಾಷಣ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ನೋಡಿದೊಡನೆ ಹೇಳಬಲ್ಲೆ. ಆ ಬಗ್ಗೆ ನನಗೆ ಜಂಬವೂ ಇತ್ತು.

ಕಿರುಚಿತ್ರ ಮಾಡುವುದನ್ನು ಹೇಳಿಕೊಡುವ ಎರಡು ದಿನದ ಶಿಬಿರವೊಂದು ನಮ್ಮೂರಿನಲ್ಲಿ ನಡೆದಾಗ ಹೋಗಿದ್ದೆ. ಮಧ್ಯಾಹ್ನದ ಊಟಕ್ಕೆ ಒಂದೇ ಮೇಜಿನಲ್ಲಿ ಕೂತವರು ನಾಲ್ವರು. ಹಿರಿಯೂರಿನಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟಿರುವ ಒಬ್ಬ ಸಾಬರು, ಹೊಳಲ್ಕೆರೆಯ ನಿವೃತ್ತ ಗಣಿತದ ಮೇಷ್ಟ್ರು, ಹೊಸದುರ್ಗದಲ್ಲಿ ರವಿಕೆ ಹೊಲಿಯುವ ಒಬ್ಬಾಕೆ, ಮತ್ತು ನಾನು. ಹಲವು ನಿರ್ದೇಶಕರು ಒಂದೊಂದು ಕತೆ ಮಾಡಿ ಒಂದೇ ಸಿನಿಮಾವಾಗಿ ಜೋಡಿಸುತ್ತಾರಲ್ಲ, ಅಂಥವನ್ನು ನಾವೆಲ್ಲ ಫೋನಿನಲ್ಲಿ ನೋಡಿದ್ದೆವು.

"ಅದ್ರಾಗೆ ಎರಡು ಕತೆ ನೋಡಂಗಿರ್ತವೆ, ಎರಡನ್ನ ಓಡಿಸ್ಬೇಕಾಗ್ತೈತೆ" ಎಂದರು ಹಿರಿಯೂರಿನ ಸಾಬರು. "ನಾವು ಮಾಡಿದ್ರೆ ನಾಲ್ಕೂ ನೋಡಂಗೆ ಮಾಡಾಣ."

ಹೀಗೆ ಶುರುವಾಯಿತು. ಊರಿಗೊಂದು ನಗೆಕತೆ, ಅರ್ಧ ಗಂಟೆಯೊಳಗೆ. ಎಡಿಟಿಂಗ್ ಬರುತ್ತಿದ್ದದ್ದು ನನಗೊಬ್ಬಳಿಗೇ ಆದ್ದರಿಂದ ನಾಲ್ಕೂ ಕತೆಗಳು ನನ್ನ ಕಂಪ್ಯೂಟರಿಗೆ ಬಂದವು.

ಹಿರಿಯೂರಿನ ಕತೆಯಲ್ಲಿ ಒಬ್ಬ ತನ್ನ ಏಣಿಯನ್ನು ಯಾರೂ ಎರವಲು ಕೇಳಬಾರದೆಂದು ಕಿವುಡನಂತೆ ನಟಿಸುತ್ತಾನೆ. ಗಲಾಟೆ ಜಾಸ್ತಿ, ಆದರೆ ಜೀವವಿತ್ತು. ಹೊಸದುರ್ಗದಾಕೆ ಶ್ರೀರಾಂಪುರದ ತನ್ನ ತವರುಮನೆಯ ಹಿತ್ತಲಲ್ಲೇ ಕ್ಯಾಮೆರಾ ಇಟ್ಟಿದ್ದಳು. ಮಾತು ಬಿಟ್ಟ ಇಬ್ಬರು ವಾರಗಿತ್ತಿಯರು ಒಬ್ಬರಿಗೊಬ್ಬರು ಹೇಳಬೇಕಾದ್ದನ್ನೆಲ್ಲ ಎಮ್ಮೆಗೆ ಹೇಳುತ್ತಾರೆ. ಅದನ್ನು ಮೊದಲ ಸಲ ನೋಡುವಾಗ ನಾನು ಮೌಸ್ ಬಿಟ್ಟು ನಕ್ಕೆ. ಮೇಷ್ಟ್ರ ಕತೆ ಹಳೆಯ ಶಿಷ್ಯರು ತಂದುಕೊಡುವ ಲಗ್ನಪತ್ರಿಕೆಗಳಲ್ಲಿ ತಪ್ಪು ತಿದ್ದುವ ಮೇಷ್ಟ್ರದ್ದೇ. ಬಹಳ ನಿಧಾನ. ಅದರಲ್ಲಿ ಅವರ ಹೆಂಡತಿ ಅಡುಗೆಮನೆಯಲ್ಲಿ ಕೆಂಪು ಪೆನ್ನನ್ನು ಅಕ್ಕಿ ಡಬ್ಬಿಯೊಳಗೆ ಬಚ್ಚಿಡುವ ನಾಲ್ಕು ನಿಮಿಷದ ದೃಶ್ಯವಿತ್ತು. ಪೂರ್ತಿ ತೆಗೆದುಹಾಕಿದೆ. ಫೋನ್ ಮಾಡಿ ತಿಳಿಸಿದಾಗ ಅವರು, "ಆಗ್ಲಿ ಬಿಡಮ್ಮ, ನಿಮ್ಗೆ ಗೊತ್ತಿರ್ತೈತೆ" ಎಂದರು.

ನನ್ನ ಕತೆ ನನ್ನ ಕಸುಬಿನದೇ. ತಾಳಿ ಕಟ್ಟುವ ಹೊತ್ತಿಗೆ ಕ್ಯಾಮೆರಾ ಕೈಕೊಟ್ಟಿದ್ದರಿಂದ ವಿಡಿಯೊದವಳು ವರನ ಕಾಲಿಗೆ ಬಿದ್ದು ಇನ್ನೊಮ್ಮೆ ತಾಳಿ ಕಟ್ಟಿಸುತ್ತಾಳೆ. ಮೂವತ್ತೊಂದು ನಿಮಿಷ. ಎಲ್ಲರದ್ದನ್ನೂ ಕತ್ತರಿಸಿದ ನಾನು ನನ್ನದರಲ್ಲಿ ಒಂದು ಕ್ಷಣವನ್ನೂ ಮುಟ್ಟಲಿಲ್ಲ. ಅಷ್ಟೇ ಅಲ್ಲ, ಒಳ್ಳೆಯದು ಕೊನೆಗಿರಲಿ ಎಂದುಕೊಂಡು ಅದನ್ನೇ ಕೊನೆಗಿಟ್ಟೆ.

ಆಷಾಢದಲ್ಲಿ ಮದುವೆಗಳಿಲ್ಲ. ಹಾಗಾಗಿ ಹೊಸದುರ್ಗದ ಕಲ್ಯಾಣ ಮಂಟಪವೊಂದು ಭಾನುವಾರ ಮಧ್ಯಾಹ್ನಕ್ಕೆ ಸುಲಭವಾಗಿ ಸಿಕ್ಕಿತು. ಪರದೆ ಕಟ್ಟಿ, ಕಿಟಕಿಗಳಿಗೆ ಜಮಖಾನ ಇಳಿಬಿಟ್ಟೆವು. ಕುರ್ಚಿಗಳು ತುಂಬಿದವು. ಏಣಿಯ ಕತೆಗೆ ಗಂಡಸರು ಸೀಟಿ ಹೊಡೆದರು. ಮೇಷ್ಟ್ರ ಕತೆಗೆ ಜನ ಸುಮ್ಮನೆ ಕೂತಿದ್ದರು. ಎಮ್ಮೆ ಬಂದಾಗ ಮಂಟಪವೇ ಎದ್ದು ಕುಣಿಯಿತು. ಒಬ್ಬ ಹೆಂಗಸು ನಕ್ಕೂ ನಕ್ಕೂ ಪಕ್ಕದವಳ ತೋಳು ಹಿಡಿದುಕೊಂಡಳು.

ಆಮೇಲೆ ನನ್ನದು. ಅಲ್ಲಲ್ಲಿ ನಗು ಬಂತು. ಪರದೆಯ ಮೇಲೆ ಎರಡನೆಯ ಸಲ ತಾಳಿ ಕಟ್ಟಿದಾಗ, ಮದುವೆಗೆ ಬಂದ ಅಜ್ಜಿಯೊಬ್ಬಳು, "ಹಂಗಾರೆ ಊಟಾನೂ ಎರಡ್ನೇ ಸಲ ಹಾಕ್ತಾರೇನಪ್ಪ?" ಎಂದು ಕೇಳುತ್ತಾಳೆ. ಆಗ ಎಮ್ಮೆಗೆ ಬಂದಷ್ಟೇ ದೊಡ್ಡ ನಗು ಬಂತು. ನಾನು ಕತ್ತಲಲ್ಲೇ ನೆಟ್ಟಗೆ ಕೂತೆ. ಅಲ್ಲಿಂದ ಮುಂದೆ ಹದಿನಾಲ್ಕು ನಿಮಿಷ ಒಬ್ಬರೂ ನಗಲಿಲ್ಲ. ನನ್ನ ಮುಂದೆ ಕೂತವರು ಡಬ್ಬಿ ತೆಗೆದು ಗುಗ್ಗರಿ ಹಂಚಿಕೊಂಡರು. ಕುರ್ಚಿ ಎಳೆಯುವ ಸದ್ದು ಶುರುವಾಯಿತು. "ಮುಗೀತೇನಪ್ಪ?" ಎಂದು ಯಾರೋ ಕೇಳಿದರು. ಅಳುವ ಕತೆಯಲ್ಲಿ ಜನ ಸುಮ್ಮನಿದ್ದರೆ ಮನಸ್ಸಿಗೆ ತಟ್ಟಿದೆ ಎಂದುಕೊಳ್ಳಬಹುದು. ನಗೆಕತೆಯಲ್ಲಿ ಆ ಸಮಾಧಾನವೂ ಇಲ್ಲ. ಅದೂ ಎಮ್ಮೆಯ ಕತೆ ಆಗತಾನೇ ಮುಗಿದಿತ್ತು. ನನ್ನದೊಂದೇ ಆಗಿದ್ದರೆ ಜನ ಹೇಗೋ ಸಹಿಸಿಕೊಳ್ಳುತ್ತಿದ್ದರೇನೋ.

ಸಂಜೆಯ ಬಸ್ಸಿನಲ್ಲಿ ಮೇಷ್ಟ್ರೂ ನಾನೂ ಒಟ್ಟಿಗೆ ಹೊರಟೆವು. ಅವರು ಹೊಳಲ್ಕೆರೆಯಲ್ಲಿ ಇಳಿಯಬೇಕು. ಊರು ಹತ್ತಿರವಾದಾಗ ಎದ್ದು ನಿಂತವರು, "ನಾಳೆ ನಿಮ್ ಸ್ಟುಡಿಯೊಗೆ ಬರ್ಲೇನಮ್ಮ?" ಎಂದು ಕೇಳಿದರು.

ಬಂದರು. ನನ್ನ ಕತೆಯನ್ನು ಮತ್ತೊಮ್ಮೆ ಹಾಕಿಸಿಕೊಂಡು ನೋಡಿದರು. ಅಜ್ಜಿ ಊಟ ಕೇಳಿದ ಕೂಡಲೇ ಕೈಯೆತ್ತಿ, "ನಿಲ್ಸ್ರಿ" ಎಂದರು.

"ಇಲ್ಲಿಗೆ ನಿಮ್ ಕತೆ ಮುಗೀತು ತಾಯಿ. ಆಮೇಲೆ ನೀವು ಪಾಠ ಮಾಡೀರಿ. ನಾನು ಜೀವಮಾನವೆಲ್ಲ ಅದನ್ನೇ ಮಾಡೀನಿ, ನಂಗೆ ಗೊತ್ತಾಗ್ತೈತೆ."

ನನಗೆ ಸಿಟ್ಟು ಬಂತು. ಆ ಹದಿನಾಲ್ಕು ನಿಮಿಷದಲ್ಲಿ ವಿಡಿಯೊದವರ ಕಷ್ಟವನ್ನೆಲ್ಲ ಹೇಳಿದ್ದೆ. ಅಡುಗೆಯವನಾಗಿ ನನ್ನ ಗಂಡ ನಟಿಸಿದ್ದೂ ಅಲ್ಲೇ. ಯೋಚಿಸುವ ಮೊದಲೇ ಬಾಯಿಂದ ಬಂದುಬಿಟ್ಟಿತು: "ನಿಮ್ ಕತೆಗೆ ಒಬ್ರೂ ನಗ್ಲಿಲ್ಲವಲ್ಲ ಮೇಷ್ಟ್ರೇ."

"ನಗ್ಲಿಲ್ಲ" ಎಂದರು ಅವರು, ಬೇಸರವಿಲ್ಲದೆ. "ಅದ್ಕೇ ನಿಮ್ದಕ್ಕೆ ಎಲ್ಲೆಲ್ಲಿ ನಕ್ರು ಅಂತ ಗಮನ ಕೊಟ್ಟು ಕೇಳಿಸ್ಕಂಡೆ."

ನಾನು ಎದ್ದು ಹೋಗಿ ಟೀ ಮಾಡಿಕೊಂಡು ಬಂದೆ. ಇಬ್ಬರೂ ಕುಡಿದೆವು. ಲೋಟ ಕೆಳಗಿಟ್ಟು ಅಜ್ಜಿಯ ಮಾತಿನಿಂದ ಮುಂದಿನದೆಲ್ಲವನ್ನೂ ತೆಗೆದುಹಾಕಿದೆ. ಗಂಡನಿಗೆ ಹೇಗೆ ಹೇಳುವುದೆಂಬ ಚಿಂತೆ ಹತ್ತಿತು. ಆತ ಆ ಪಾತ್ರಕ್ಕೆಂದು ಮೀಸೆ ಬಿಟ್ಟಿದ್ದ. ಮನೆಗೆ ಹೋಗಿ ಹೇಳಿದಾಗ, "ನಾನು ಹೋದ್ರೆ ಪಿಕ್ಚರ್ ಉಳಿಯೋದಾದ್ರೆ ಹೋಗ್ಲಿ ಬಿಡೇ" ಎಂದು ಅವತ್ತೇ ಮೀಸೆ ತೆಗೆದ.

ಮರುದಿನ ಒಬ್ಬಳೇ ಕೂತು ಮೇಷ್ಟ್ರ ಹೆಂಡತಿಯ ದೃಶ್ಯವನ್ನು ಮತ್ತೆ ತೆರೆದೆ. ಆಕೆಗೆ ನಟನೆ ಬರುತ್ತಿರಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ, ಕಿಟಕಿಯಾಚೆ ಗಂಡನನ್ನು ನೋಡಿ, ಮತ್ತೆ ಮುಚ್ಚಳ ತೆಗೆದು ಪೆನ್ನು ಅಲ್ಲೇ ಇದೆಯೇ ಎಂದು ನೋಡುತ್ತಾಳೆ. ಅದು ನಗು ತರಿಸುವುದಿಲ್ಲ. ಆದರೆ ಆಮೇಲೆ ಮೇಷ್ಟ್ರು ಪೆನ್ನಿಗಾಗಿ ಮನೆಯೆಲ್ಲ ಹುಡುಕುವಾಗ, ಇದಿಲ್ಲದಿದ್ದರೆ ನಮಗೇನೂ ಅನ್ನಿಸುವುದಿಲ್ಲ. ಬರೀ ನಗು ಎಲ್ಲಿ ಬರುತ್ತದೆಂದು ಹುಡುಕುತ್ತ ನಾನು ಅದನ್ನು ಕಿತ್ತುಹಾಕಿದ್ದೆ. ಆ ನಾಲ್ಕು ನಿಮಿಷಗಳಲ್ಲಿ ಎರಡನ್ನು ಮರಳಿ ಸೇರಿಸಿದೆ. ಸೇರಿಸಿ ಎಂದು ಮೇಷ್ಟ್ರು ಕೇಳಿರಲಿಲ್ಲ.

ಬಳಿಕ ಹೊಸದುರ್ಗಕ್ಕೆ ಫೋನ್ ಮಾಡಿ, "ನಿನ್ನ ಎಮ್ಮೆ ಕೊನೇಗೆ ಬರ್ತೈತೆ, ನಂದು ಎರಡ್ನೇದು" ಎಂದೆ.

"ಬ್ಯಾಡ ಅಕ್ಕ, ನೀವು ದೊಡ್ಡೋರು. ನಿಮ್ದೇ ಕೊನೇಗಿರ್ಲಿ."

"ದೊಡ್ಡೋಳಾದ್ರೇನೇ? ಆ ಎಮ್ಮೆ ಆದ್ಮೇಲೆ ಯಾರು ಬಂದ್ರೂ ನಿಲ್ಲಾಕಾಗಲ್ಲ."

ಅವಳು ಹೊಲಿಗೆ ಮಿಷನ್ ನಿಲ್ಲಿಸಿದ್ದು ಫೋನಿನಲ್ಲೇ ಕೇಳಿಸಿತು. "ನಿಜ ಹೇಳ್ತೀರಾ?" ಎಂದಳು. ನಿಜವೇ ಹೇಳಿದ್ದೆ.

ಎರಡನೆಯ ಪ್ರದರ್ಶನ ನಮ್ಮ ಚಿತ್ರದುರ್ಗದಲ್ಲಿ. ನಾನು ಹಿಂದಿನ ಗೋಡೆಗೊರಗಿ ನಿಂತಿದ್ದೆ. ಏಣಿ ಮುಗಿಯಿತು, ನನ್ನ ಮದುವೆ ಶುರುವಾಯಿತು. ಹದಿನೇಳನೆಯ ನಿಮಿಷಕ್ಕೆ ಅಜ್ಜಿ ಊಟ ಕೇಳಿದಳು. ಸಭೆ ಬಿದ್ದು ಬಿದ್ದು ನಗುತ್ತಿರುವಾಗಲೇ ಪರದೆ ಕಪ್ಪಾಯಿತು. ಕತೆ ಮುಗಿಯಿತೆಂದು ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ, ಆಮೇಲೆ ಚಪ್ಪಾಳೆ. ಮೇಷ್ಟ್ರು ತಿರುಗಿ ನನ್ನನ್ನು ಹುಡುಕಿದರು. ಅವರ ಕತೆ ಬಂದಾಗ ಜನ ಈ ಸಲವೂ ಹೆಚ್ಚು ನಗಲಿಲ್ಲ. ಆದರೆ ಯಾರೂ ಏಳಲಿಲ್ಲ. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಪರದೆಯ ಮೇಲೆ ತನ್ನನ್ನು ಕಂಡು ಸೆರಗಿನಿಂದ ಮುಖ ಮುಚ್ಚಿಕೊಂಡರು. ಬೆರಳ ಸಂದಿನಿಂದ ನೋಡುತ್ತಲೂ ಇದ್ದರು. ಕೊನೆಗೆ ಎಮ್ಮೆ ಬಂತು. ಅದರ ಬಗ್ಗೆ ಮತ್ತೆ ಹೇಳಬೇಕಿಲ್ಲ.

ನಾಲ್ಕೂ ಸಮವಾದವೇ? ಇಲ್ಲ. ಏಣಿಯ ಕತೆಯಲ್ಲಿ ಇವತ್ತಿಗೂ ಕೂಗಾಟ ಜಾಸ್ತಿ, ಮೇಷ್ಟ್ರದ್ದು ಇವತ್ತಿಗೂ ನಿಧಾನ. ಹಿರಿಯೂರಿನ ಸಾಬರೇ ಹೊರಗೆ ಬಂದು, "ಎಮ್ಮೆ ಒಂದು ತೂಕ, ನಾವು ಮೂವರು ಸೇರಿ ಒಂದು ತೂಕ" ಎಂದು ನಕ್ಕರು. ನಾವು ನಾಲ್ವರು ನಾಲ್ಕು ತರಹದ ಜನ, ಸಿನಿಮಾವೂ ಹಾಗೇ ಇದೆ. ಕೊನೆಯಲ್ಲಿ ನಮ್ಮ ಹೆಸರುಗಳು ಒಂದೇ ಅಳತೆಯ ಅಕ್ಷರದಲ್ಲಿ ಬರುತ್ತವೆ. ಆ ಅಕ್ಷರಗಳನ್ನು ಜೋಡಿಸಿದವಳು ನಾನು ಎನ್ನುವ ಹೆಮ್ಮೆ ನನಗಿದೆ.

ಚಪ್ಪಲಿ ಹುಡುಕುತ್ತಿದ್ದ ಇಬ್ಬರು ಹೆಂಗಸರು ನನ್ನನ್ನು ಗುರುತಿಸದೆ ಮಾತಾಡಿಕೊಳ್ಳುತ್ತಿದ್ದರು. "ಎಮ್ಮೇದು ಭಾಳ ಚೆನ್ನಾಗೈತೆ ಕಣೆ" ಎಂದಳು ಒಬ್ಬಳು. ಇನ್ನೊಬ್ಬಳು, "ಮದುವೇದೂ ಪರವಾಗಿಲ್ಲ" ಎಂದಳು.

ಇಪ್ಪತ್ತು ವರ್ಷದಲ್ಲಿ ಎಷ್ಟೋ ಮನೆಯವರು ತಮ್ಮ ಮದುವೆಯ ವಿಡಿಯೊ ನೋಡಿ ತುಂಬಾ ಚೆನ್ನಾಗಿದೆ ಎಂದಿದ್ದಾರೆ. ಅವರು ಹೊಗಳಿದ್ದು ತಮ್ಮ ಮುಖಗಳನ್ನು. ಈ "ಪರವಾಗಿಲ್ಲ" ನನ್ನ ಕೆಲಸಕ್ಕೆ ಬಂದದ್ದು. ಹದಿನಾಲ್ಕು ನಿಮಿಷ ತೆಗೆದುಹಾಕಿ ಸಂಪಾದಿಸಿದ ಮಾತದು. ಮನೆಗೆ ನಡೆದುಕೊಂಡೇ ಹೋದೆ. ಆಟೊ ಹತ್ತಿದರೆ ಆ ಖುಷಿ ಬೇಗ ಮುಗಿದುಹೋದೀತು ಅನ್ನಿಸಿತ್ತು.