ಸ್ಕಂದಗಿರಿ ಹತ್ತಿದ ದ್ರಾಕ್ಷಿ

ಸ್ಕಂದಗಿರಿಯ ಬುಡದ ಟೀ ಅಂಗಡಿ. ಬೆಳಗಿನ ಚಳಿಗೆ ಸ್ವೆಟರ್ ತೆಗೆಯೋಣವೆಂದು ಬ್ಯಾಗಿಗೆ ಕೈ ಹಾಕಿದರೆ ಅಂಟಂಟು ರಸ! ಬಟ್ಟೆಯಲ್ಲಿ ಸುತ್ತಿದ ಚಪಾತಿ, ಸ್ವೆಟರ್ ಎಲ್ಲವನ್ನೂ ನಾನು ಒಪ್ಪವಾಗಿ ಜೋಡಿಸಿದ್ದೆ. ನನ್ನ ಯಜಮಾನರು ನಿನ್ನೆ ನಂದಿಯಲ್ಲಿ ಕೊಂಡ ದ್ರಾಕ್ಷಿಯನ್ನು ಅದರ ಮೇಲೆ ತುರುಕಿ, ಸ್ಟೀಲ್ ಕ್ಯಾರಿಯರನ್ನೂ ಹೇರಿದ್ದರು.

"ಭಾರ ಮೇಲಿದ್ರೆ ಬೆನ್ನಿಗೆ ಒಳ್ಳೇದು ಕಣೇ," ಎಂದರು, ಇದೇ ಮೊದಲ ಸಲ ಬೆಟ್ಟ ಹತ್ತಲು ಬಂದವರು.

ಅಂಗಡಿಯಾಕೆ ಬಗ್ಗಿ ನೋಡಿ, "ಏನಮ್ಮಾ, ಬೆಟ್ಟಕ್ಕೋ, ಸಂತೆಗೋ?" ಎಂದು ನಕ್ಕಳು.

ಇವರು ನೇರಳೆ ಬಣ್ಣಕ್ಕೆ ತಿರುಗಿದ ಚಪಾತಿ ಕಚ್ಚಿ, "ಜಾಮ್ ಹಚ್ಚಿದಂಗೇ ಇದೆ," ಎಂದರು.

"ರೀ, ನೀವು ಹಾಕ್ಕೊಂಡಿರೋ ಸ್ವೆಟರ್ ಬಿಚ್ಚಿ."

"ನಂಗೆ ಚಳಿ ಆಗಲ್ವೇನೇ?"

"ಜಾಮ್ ತಿನ್ನಿ."

ಅವರ ಸ್ವೆಟರ್ ತೊಟ್ಟು ಮುಂದೆ ನಡೆದೆ. ಬ್ಯಾಗು ಅವರ ಬೆನ್ನ ಮೇಲೆ ತೊಟ್ಟಿಕ್ಕುತ್ತಾ ಹಿಂದೆ ಬಂತು.